ಬೆಳ್ಳಕ್ಕಿಯ ಫೋಟೋದಲ್ಲಿ ಗರಿಗಳೇಕೆ ಕಾಣುವುದಿಲ್ಲ?

ಪ್ರಶ್ನೆ: ಬೆಳ್ಳಕ್ಕಿಯ ಫೋಟೋ ತೆಗೆದರೆ ಕೆಲವೊಮ್ಮೆ ಅದು ಮಾಸಿದಂತೆ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಇನ್ನು ಕೆಲವೊಮ್ಮೆ ಒಂದು ಗರಿಯೂ ಕಾಣದ ಬಿಳಿ ಮಚ್ಚೆಯಾಗಿರುತ್ತದೆ. ನನ್ನ ಕ್ಯಾಮೆರಾದಲ್ಲಿ ದೋಷವಿದೆಯೇ?

ಉತ್ತರ: ಕ್ಯಾಮೆರಾ ಸರಿಯಾಗಿಯೇ ಇದೆ. ನೀವು ಹೇಳಿದ ಎರಡೂ ತೊಂದರೆಗಳ ಮೂಲ ಒಂದೇ. ಎದುರಿಗಿರುವುದು ಬಿಳಿ ಹಕ್ಕಿಯೋ ಕರಿ ಬಂಡೆಯೋ ಎಂಬುದು ಕ್ಯಾಮೆರಾದ ಮೀಟರಿಗೆ ತಿಳಿಯದು. ಅದು ಅಳೆಯುವುದು ಅಲ್ಲಿಂದ ಬರುವ ಬೆಳಕನ್ನು ಮಾತ್ರ. ನೆರಳಿನಲ್ಲಿರುವ ಸುಣ್ಣದ ಗೋಡೆಯಿಂದಲೂ ಬಿಸಿಲಿನಲ್ಲಿರುವ ಸಿಮೆಂಟ್ ಗೋಡೆಯಿಂದಲೂ ಅದಕ್ಕೆ ಒಂದೇ ಪ್ರಮಾಣದ ಬೆಳಕು ಸಿಗಬಹುದು. ಆದ್ದರಿಂದ ಅದು ಒಂದು ಊಹೆಯನ್ನು ನೆಚ್ಚಿಕೊಂಡಿದೆ: ದೃಶ್ಯದಲ್ಲಿರುವುದನ್ನೆಲ್ಲ ಕಲಸಿದರೆ ನಡು ಬೂದು ಬಣ್ಣ ಬರಬೇಕು. ಛಾಯಾಗ್ರಾಹಕರು ಬೆಳಕು ಅಳೆಯಲು ಇಟ್ಟುಕೊಳ್ಳುವ ಬೂದು ಕಾರ್ಡು ತನ್ನ ಮೇಲೆ ಬಿದ್ದ ಬೆಳಕಿನ ಶೇ. 18ರಷ್ಟನ್ನು ಹಿಂದಿರುಗಿಸುತ್ತದೆ, ಮೀಟರಿನ ಲೆಕ್ಕವೂ ಹೆಚ್ಚುಕಡಿಮೆ ಅದರ ಆಸುಪಾಸಿನದೇ.

ಹಸಿರು ಗದ್ದೆ, ಮಣ್ಣಿನ ದಾರಿ, ಮರದ ಕಾಂಡಗಳಿರುವ ಚಿತ್ರಕ್ಕೆ ಈ ಊಹೆ ಚೆನ್ನಾಗಿ ಹೊಂದುತ್ತದೆ. ಬಿಳಿ ಬಂದಾಗ ಎಡವುತ್ತದೆ. ಅಚ್ಚ ಬಿಳುಪಿನ ವಸ್ತು ಬೂದು ಕಾರ್ಡಿಗಿಂತ ನಾಲ್ಕೈದು ಪಟ್ಟು ಹೆಚ್ಚು ಬೆಳಕನ್ನು ಹಿಂದಿರುಗಿಸುತ್ತದೆ, ಅಂದರೆ ಎರಡು ಸ್ಟಾಪ್‌ಗೂ ತುಸು ಹೆಚ್ಚಿನ ಅಂತರ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವುದು ಅಥವಾ ಅರ್ಧವಾಗುವುದು). ಹಕ್ಕಿ ಚೌಕಟ್ಟಿನ ತುಂಬ ಇದ್ದರೆ ಮೀಟರು ಬೆಳಕು ವಿಪರೀತವಾಯಿತೆಂದು ಬಗೆದು ಒಳಬಿಡುವ ಬೆಳಕನ್ನು, ಅಂದರೆ ಎಕ್ಸ್‌ಪೋಷರ್ ತಗ್ಗಿಸುತ್ತದೆ, ಹಕ್ಕಿ ಬೂದಾಗುತ್ತದೆ. ಅದೇ ಹಕ್ಕಿ ದೂರದಲ್ಲಿ, ಮರದ ನೆರಳು ಬಿದ್ದ ಕಪ್ಪು ನೀರಿನ ನಡುವೆ ನಿಂತಿದ್ದರೆ ಮೀಟರಿನ ಗಮನವೆಲ್ಲ ನೀರಿನ ಕಡೆಗೆ. ನೀರನ್ನು ಬೂದು ಮಾಡುವ ಹಟದಲ್ಲಿ ಅದು ಹೆಚ್ಚು ಬೆಳಕು ಒಳಬಿಡುತ್ತದೆ, ಹಕ್ಕಿ ‘ಸುಟ್ಟುಹೋಗುತ್ತದೆ’, ಅಂದರೆ ಗರಿ ಕಾಣದ ಬಿಳಿ ಮಚ್ಚೆಯಾಗುತ್ತದೆ. ಇತ್ತೀಚಿನ ಕ್ಯಾಮೆರಾಗಳು ದೃಶ್ಯವನ್ನು ಹಲವು ಭಾಗಗಳಾಗಿ ಒಡೆದು ಲೆಕ್ಕ ಹಾಕುವುದರಿಂದ ತಪ್ಪು ಕಡಿಮೆಯಾಗಿದೆ, ಪೂರ್ತಿ ನೀಗಿಲ್ಲ.

ಇದನ್ನು ತಿದ್ದಲು ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಎಂಬ ಸೌಲಭ್ಯವಿದೆ. ಕ್ಯಾಮೆರಾದಲ್ಲಿ ಪ್ಲಸ್ ಮತ್ತು ಮೈನಸ್ ಗುರುತಿರುವ ಗುಂಡಿ. ರಂಗನತಿಟ್ಟಿನಲ್ಲಿ ದೋಣಿಯಿಂದ ನೋಡುವಾಗ ಬೆಳ್ಳಕ್ಕಿಗಳೂ ಚಮಚದಂಥ ಕೊಕ್ಕಿನ ಸ್ಪೂನ್‌ಬಿಲ್‌ಗಳೂ ಸಾಮಾನ್ಯವಾಗಿ ದಟ್ಟ ಹಸಿರಿನ ಮುಂದೆಯೋ ನೆರಳಿನ ನೀರಿನ ಮೇಲೋ ಇರುತ್ತವೆ. ಅಲ್ಲಿ ಬಿಸಿಲಿದ್ದರೆ ಒಂದು ಸ್ಟಾಪ್ ಮೈನಸ್‌ನಿಂದ ಶುರು ಮಾಡಿ. ಅದೇ ಹಕ್ಕಿ ಮಳೆಗಾಲದ ಬೆಳ್ಳನೆಯ ಮೋಡದ ಕೆಳಗೆ ಹಾರಿದರೆ ಲೆಕ್ಕ ತಿರುಗಿಬೀಳುತ್ತದೆ: ಒಂದೋ ಒಂದೂವರೆಯೋ ಸ್ಟಾಪ್ ಪ್ಲಸ್ ಬೇಕು. ಹೀಗಾಗಿ ‘ಬಿಳಿ ಕಂಡರೆ ಪ್ಲಸ್ ಮಾಡಿ’ ಎಂಬ ಎಲ್ಲೆಡೆ ಸಿಗುವ ಸಲಹೆಯನ್ನು ನಾನು ಅರ್ಧ ಸತ್ಯವೆಂದೇ ಕರೆಯುತ್ತೇನೆ. ಹಕ್ಕಿಯ ಹಿಂದೆ ಏನಿದೆ, ಚೌಕಟ್ಟಿನಲ್ಲಿ ಹಕ್ಕಿಯ ಪಾಲೆಷ್ಟು ಎಂಬುದನ್ನು ನೋಡದೆ ಗುಂಡಿ ತಿರುಗಿಸಿದರೆ ಇದ್ದ ಗರಿಗಳನ್ನೂ ಕಳೆದುಕೊಳ್ಳುತ್ತೀರಿ.

ಬೂದಾದ ಬಿಳಿ ಮತ್ತು ಸುಟ್ಟ ಬಿಳಿ, ಎರಡರಲ್ಲಿ ಯಾವುದು ವಾಸಿ? ಅನುಮಾನವೇ ಬೇಡ, ಬೂದಾದದ್ದು. ಜೆಪೆಗ್ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಪ್ರತಿಯೊಂದಕ್ಕೂ 0ಯಿಂದ 255ರವರೆಗೆ ಮೆಟ್ಟಿಲುಗಳಿವೆ. ಮೂರೂ 255ಕ್ಕೆ ಮುಟ್ಟಿದ ಜಾಗದಲ್ಲಿ ಒಂದು ಗರಿಗೂ ಪಕ್ಕದ ಗರಿಗೂ ಇದ್ದ ವ್ಯತ್ಯಾಸ ದಾಖಲಾಗಿಯೇ ಇರುವುದಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟೇ ಜಗ್ಗಿದರೂ ಅದು ಚಪ್ಪಟೆ ಬೂದು ತೇಪೆಯಾಗುತ್ತದೆಯೇ ಹೊರತು ಗರಿ ಬಾರದು. ಕ್ಯಾಮೆರಾ ಸಂಸ್ಕರಿಸದೆ ಹಾಗೆಯೇ ಉಳಿಸುವ ರಾ ಫೈಲಿನಲ್ಲಿ ಒಂದಿಷ್ಟು ಉಳಿಕೆ ಇರುತ್ತದೆ, ಅದಕ್ಕೂ ಮಿತಿಯಿದೆ. ಕತ್ತಲಾದ ಭಾಗವನ್ನು ಮಾತ್ರ ಮೇಲೆತ್ತಿಕೊಳ್ಳಬಹುದು. ಫೋಟೋ ತೆಗೆದೊಡನೆ ಹಿಸ್ಟೋಗ್ರಾಮ್ ನೋಡಿ, ಅದು ಚಿತ್ರದ ಕತ್ತಲೆಯನ್ನು ಎಡಕ್ಕೂ ಬೆಳಕನ್ನು ಬಲಕ್ಕೂ ತೋರಿಸುವ ನಕ್ಷೆ. ರೇಖೆ ಬಲಗೋಡೆಗೆ ಒತ್ತಿಕೊಂಡಿರಬಾರದು. ಅತಿ ಬೆಳಕಿನ ಜಾಗ ಮಿಟುಕುವ ಎಚ್ಚರಿಕೆಯ ಸೌಲಭ್ಯವಿದ್ದರೆ ಅದನ್ನು ಖಂಡಿತ ಚಾಲೂ ಮಾಡಿಕೊಳ್ಳಿ.

ಇಷ್ಟೆಲ್ಲ ಸರಿಯಾದರೂ ನಡು ಮಧ್ಯಾಹ್ನದ ಫೋಟೋದಲ್ಲಿ ಗರಿ ತೆಳ್ಳಗೆ ಕಾಣುತ್ತದೆ. ಅದಕ್ಕೆ ಬಿಳುಪಿನ ಸ್ವಭಾವವೇ ಕಾರಣ. ಬೆಳ್ಳಕ್ಕಿಯ ಗರಿಯಲ್ಲಿ ಬಿಳಿ ಬಣ್ಣವೆಂಬ ವಸ್ತುವಿಲ್ಲ. ಕಪ್ಪು ಕಂದುಗಳನ್ನು ಕೊಡುವ ಮೆಲನಿನ್ ಇಲ್ಲದ, ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳೂ ಅವುಗಳ ನಡುವಿನ ಗಾಳಿಯೂ ಸೇರಿ ಎಲ್ಲ ಬಣ್ಣದ ಬೆಳಕನ್ನೂ ದಿಕ್ಕುದಿಕ್ಕಿಗೆ ಚೆದುರಿಸುತ್ತವೆ. ಅದನ್ನೇ ನಾವು ಬಿಳಿ ಎಂದು ಕಾಣುತ್ತೇವೆ. ಮಲ್ಲಿಗೆಯ ಎಸಳನ್ನು ಬೆರಳುಗಳ ನಡುವೆ ಹೊಸಕಿ ನೋಡಿ: ಒಳಗಿನ ಗಾಳಿ ಹೊರಬಿದ್ದು ಎಸಳು ಪಾರಕವಾಗಿಬಿಡುತ್ತದೆ. ಹೀಗೆ ಬಣ್ಣದ ಏರಿಳಿತವೇ ಇಲ್ಲದ ಮೈಯಲ್ಲಿ ಗರಿಯನ್ನು ಗರಿಯಿಂದ ಬೇರ್ಪಡಿಸಲು ನೆರಳೊಂದೇ ಗತಿ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕು ಪ್ರತಿ ಎಳೆಯ ಅಂಚಿಗೂ ಸಣ್ಣ ನೆರಳನ್ನು ಕೊಡುತ್ತದೆ. ತೆಳು ಮೋಡ ಕವಿದ ದಿನವೂ ಒಳ್ಳೆಯದೇ.

ಮರಿ ಮಾಡುವ ಕಾಲದಲ್ಲಿ ದೊಡ್ಡ ಬೆಳ್ಳಕ್ಕಿಯ ಬೆನ್ನಿನಿಂದ ಇಳಿಬೀಳುವ ನವಿರಾದ ಎಳೆಗರಿಗಳನ್ನು ನೋಡಿದವರಿಗೆ ಇಷ್ಟು ಕಾಳಜಿ ಯಾಕೆಂದು ವಿವರಿಸಬೇಕಾಗಿಲ್ಲ. 19ನೇ ಶತಮಾನದ ಕೊನೆಯಲ್ಲಿ ಯುರೋಪು, ಅಮೆರಿಕಗಳ ಹೆಂಗಸರ ಟೋಪಿಗಳಿಗೆ ಈ ಗರಿಗಳು ಬೇಕಾಗಿ ಲೆಕ್ಕವಿಲ್ಲದಷ್ಟು ಬೆಳ್ಳಕ್ಕಿಗಳು ಗೂಡಿನಲ್ಲೇ ಸತ್ತವು. ಆ ವ್ಯಾಪಾರದ ವಿರುದ್ಧವೇ 1889ರಲ್ಲಿ ಇಂಗ್ಲೆಂಡಿನಲ್ಲಿ ಹಕ್ಕಿಗಳ ರಕ್ಷಣೆಗೆ ಸಂಘವೊಂದು ಹುಟ್ಟಿತು. ಅಂಥ ಗರಿ ನಮ್ಮ ಚಿತ್ರದಲ್ಲಿ ಬಿಳಿ ಮಚ್ಚೆಯಾಗಿ ಉಳಿದರೆ ಹಕ್ಕಿಯ ಅರ್ಧ ಚೆಲುವನ್ನೇ ಬಿಟ್ಟುಬಂದಂತೆ.

ಮೊಬೈಲಿನಲ್ಲಿ ತೆಗೆಯುವವರು ಪರದೆಯ ಮೇಲೆ ಹಕ್ಕಿಯನ್ನು ಮುಟ್ಟಿದರೆ ಹೆಚ್ಚಿನ ಫೋನುಗಳಲ್ಲಿ ಸೂರ್ಯನ ಗುರುತು ಮೂಡುತ್ತದೆ. ಗರಿ ಕಾಣುವವರೆಗೆ ಅದನ್ನು ಕೆಳಕ್ಕೆ ಎಳೆಯಿರಿ. ದೇವಸ್ಥಾನದ ಜಗಲಿಯಲ್ಲಿ ಬಿಳಿ ಪಂಚೆ ಉಟ್ಟು ಕುಳಿತ ಅಜ್ಜನಿಗೂ, ಕಪ್ಪು ಜಡೆಯ ಮೇಲಿನ ಮಲ್ಲಿಗೆ ದಂಡೆಗೂ ಇದೇ ಉಪಾಯ ನಡೆಯುತ್ತದೆ.

ಬಿಳಿಯೊಳಗೆ ನುಸುಳುವ ಬೇರೆ ಬಣ್ಣದ ವಿಚಾರವೂ ಇದೆ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ, ಅಂಕಿ ಏರಿದಷ್ಟೂ ಬೆಳಕು ನೀಲಿಯತ್ತ, ಇಳಿದಷ್ಟೂ ಹಳದಿಯತ್ತ: ನಡುಹಗಲ ಬಿಸಿಲು ಸುಮಾರು 5500 ಕೆಲ್ವಿನ್, ತೆರೆದ ನೆರಳು 7000ಕ್ಕೂ ಮೇಲೆ, ಹಳೆಯ ತಂತಿ ಬಲ್ಬು 2800ರ ಸುಮಾರು. ನಮ್ಮ ಕಣ್ಣು ಈ ವ್ಯತ್ಯಾಸಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ವೈಟ್ ಬ್ಯಾಲೆನ್ಸ್ ಎಂಬ ಹೊಂದಾಣಿಕೆ ಬೇಕು, ಇಲ್ಲವಾದರೆ ನೆರಳಿನ ಬಿಳಿ ನೀಲಿಯಾಗಿಯೂ ಬಲ್ಬಿನಡಿಯ ಬಿಳಿ ಹಳದಿಯಾಗಿಯೂ ಬರುತ್ತದೆ. ಹಗಲಿಡೀ ಆಟೋ ಸಾಕು. ಸಂಜೆ ಮಾತ್ರ ಅದನ್ನು ನಂಬಬೇಡಿ: ಹೊಂಬಿಸಿಲನ್ನು ಕಲೆಯೆಂದು ಭಾವಿಸಿ ತೊಳೆದುಬಿಡುತ್ತದೆ. ಗೂಡಿಗೆ ಮರಳುವ ಬೆಳ್ಳಕ್ಕಿ ಆ ಹೊತ್ತಿನಲ್ಲಿ ನಿಜಕ್ಕೂ ಹೊಂಬಣ್ಣದ್ದೇ ಆಗಿರುತ್ತದೆ, ಚಿತ್ರದಲ್ಲೂ ಹಾಗೆಯೇ ಇರಲಿ. ವೈಟ್ ಬ್ಯಾಲೆನ್ಸನ್ನು ಬಿಸಿಲಿನ ಗುರುತಿಗೆ ತಂದಿಟ್ಟುಕೊಳ್ಳಿ.