ಲೇಔಟ್ ಹೆಚ್ಚಿದರೆ ಬಾಡಿಗೆ ಇಳಿಯುವುದೇ?

ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲಂತೂ ಶಿವಮೊಗ್ಗದಲ್ಲಿ ನಾಲ್ಕು ಜನ ಸೇರಿದ ಕಡೆಯೆಲ್ಲ ಸೈಟಿನ ಮಾತೇ. ಅದರ ಬೆನ್ನಿಗೇ "ಎಷ್ಟು ಕಟ್ಟಿದರೂ ಅದು ದುಡ್ಡಿದ್ದವರಿಗೆ, ಬಾಡಿಗೆಯವರಿಗೇನು ಬಂತು?" ಎಂಬ ಪ್ರಶ್ನೆಯೂ ಬರುತ್ತದೆ. ಈ ಪ್ರಶ್ನೆಯ ಹಿಂದಿನ ಸಂಕಟ ನಿಜ. ಅದರಲ್ಲಿ ಅಡಗಿರುವ ತೀರ್ಮಾನ ಮಾತ್ರ ತಪ್ಪು.

ಸವಳಂಗ ರಸ್ತೆಯ ಹೊಸ ಫ್ಲ್ಯಾಟಿಗೆ ಬ್ಯಾಂಕ್ ಅಧಿಕಾರಿಯೊಬ್ಬರು ಹೋದರೆಂದುಕೊಳ್ಳೋಣ. ವಿನೋಬನಗರದಲ್ಲಿ ಅವರು ಬಿಟ್ಟ ಬಾಡಿಗೆ ಮನೆಗೆ ಶಿಕ್ಷಕರೊಬ್ಬರ ಸಂಸಾರ ಬರುತ್ತದೆ; ಆ ಸಂಸಾರ ಖಾಲಿ ಮಾಡಿದ ಎರಡು ಕೋಣೆಯ ಹಂಚಿನ ಮನೆ, ತೀರ್ಥಹಳ್ಳಿ ಕಡೆಯಿಂದ ಬಂದು ಗ್ಯಾರೇಜಿನಲ್ಲಿ ದುಡಿಯುವವನಿಗೆ ಸಿಗುತ್ತದೆ. ಫ್ಲ್ಯಾಟ್ ಏಳದಿದ್ದರೆ ಅಧಿಕಾರಿ ಹೆಚ್ಚು ಬಾಡಿಗೆ ಕೊಟ್ಟಾದರೂ ವಿನೋಬನಗರದ ಮನೆಯಲ್ಲೇ ಇರುತ್ತಿದ್ದರು, ಶಿಕ್ಷಕರು ಹಂಚಿನ ಮನೆ ಬಿಡುತ್ತಿರಲಿಲ್ಲ, ಕೊನೆಗೆ ಪೆಟ್ಟು ಬೀಳುತ್ತಿದ್ದುದು ಗ್ಯಾರೇಜಿನವನಿಗೆ.

ಇದು ಬರೀ ಊಹೆಯಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಇವಾನ್ ಮಾಸ್ಟ್ ಅಲ್ಲಿನ ದೊಡ್ಡ ನಗರಗಳ ಹೊಸ ಕಟ್ಟಡಗಳಿಗೆ ಬಂದ 52,000 ನಿವಾಸಿಗಳ ಹಳೆಯ ವಿಳಾಸ, ಆ ವಿಳಾಸಕ್ಕೆ ಬಂದವರ ಹಳೆಯ ವಿಳಾಸ ಎಂದು ಆರು ಸುತ್ತು ಬೆನ್ನುಹತ್ತಿ ಹೋದರು. ನೂರು ಜನ ವಾಸಿಸುವ ಹೊಸ ಕಟ್ಟಡವೊಂದು ಎದ್ದರೆ, ಮಧ್ಯಮ ಮಟ್ಟಕ್ಕಿಂತ ಕಡಿಮೆ ಆದಾಯದ ಬಡಾವಣೆಗಳಿಂದ 45ರಿಂದ 70 ಜನ ಬೇರೆಡೆಗೆ ಹೋಗಲು ದಾರಿಯಾಗುತ್ತದೆ, ಅದೂ ಬಹುಪಾಲು ಮೂರು ವರ್ಷದೊಳಗೆ ಎಂಬುದು ಅವರ ಅಂದಾಜು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲೂ ಇದೇ ಸರಪಳಿ ಕಂಡುಬಂದಿದೆ. ಊರಿಗೆ ಬರುವವರೂ ಅವರ ಸಂಬಳವೂ ಹೆಚ್ಚುತ್ತಿದ್ದರೆ ಬಾಡಿಗೆ ಇಳಿಯಲಾರದು, ಏರುವ ವೇಗವಷ್ಟೇ ತಗ್ಗೀತು; ಬಾಡಿಗೆದಾರನಿಗೆ ಅದೂ ಸಣ್ಣ ಲಾಭವಲ್ಲ.

ಆದರೆ ಈ ಸರಪಳಿ ಹೊರಡಬೇಕಾದರೆ ಹೊಸ ಮನೆಯಲ್ಲಿ ಯಾರಾದರೂ ಒಲೆ ಹಚ್ಚಲೇಬೇಕು. ನಮ್ಮಲ್ಲಿ ಲೇಔಟ್ ಎಂದರೆ ಬಹುಮಟ್ಟಿಗೆ ಮೂವತ್ತು-ನಲವತ್ತರ ಸೈಟುಗಳು, ಕಲ್ಲು ನೆಟ್ಟು ವರ್ಷಗಟ್ಟಲೆ ಲಂಟಾನ ಬೆಳೆಯಲು ಬಿಟ್ಟ ಜಾಗ. ಬೆಲೆ ಏರುತ್ತಲೇ ಇದೆಯೆಂಬ ನಂಬಿಕೆಯಿರುವ ತನಕ ಮಾಲೀಕರಿಗೆ ಕಟ್ಟುವ ಅವಸರವಿಲ್ಲ. ಕಟ್ಟಿದ ಮನೆಗೂ ಬೀಗ ಬೀಳುವುದುಂಟು: ಬಾಡಿಗೆಗೆ ಕೊಟ್ಟರೆ ಬಿಡಿಸಿಕೊಳ್ಳುವುದು ಕಷ್ಟವೆಂಬ ಭಯ, ಮಕ್ಕಳು ಬೆಂಗಳೂರಿನಿಂದ ಮರಳಿ ಬಂದಾರೆಂಬ ಆಸೆ. 2011ರ ಜನಗಣತಿಯಲ್ಲಿ ದೇಶದ ಪಟ್ಟಣಗಳಲ್ಲೇ ಸುಮಾರು 1.1 ಕೋಟಿ ಮನೆಗಳು ಖಾಲಿ ಇದ್ದವು. ಆದ್ದರಿಂದ ವಸತಿ ಎಷ್ಟು ಹೆಚ್ಚಿತೆಂದು ತಿಳಿಯಲು ಮಂಜೂರಾದ ಸೈಟುಗಳ ಪಟ್ಟಿ ಸಾಲದು; ಯಾವ ಬಡಾವಣೆಯಲ್ಲಿ ಎಷ್ಟು ಮನೆಗಳ ಮೆಸ್ಕಾಂ ಮೀಟರ್ ತಿಂಗಳು ತಿಂಗಳೂ ಓಡುತ್ತಿದೆ ಎಂಬ ಲೆಕ್ಕ ಬೇಕು.