ಎಷ್ಟೊತ್ತಿಗೆ ಉಂಡ್ರಿ, ಎಷ್ಟೊತ್ತಿಗೆ ಸುರು ಆತು?

ಕುಬುಸ, ತೊಟ್ಟಿಲು, ಮನೆಶಾಂತಿ, ಕಂದೂರಿ. ನಮ್ಮ ಸಿಂಧನೂರು ಕಡೆ ಇಂಥದ್ದೇನಾದರೂ ನಡೆದ ರಾತ್ರಿಯೋ ಮರುದಿನ ಮುಂಜಾನೆಯೋ ಒಂದೇ ಮನೆಯ ನಾಲ್ಕೈದು ಮಂದಿ ಒಟ್ಟಿಗೆ ದವಾಖಾನೆಗೆ ಬರುವುದುಂಟು. ಬರುವವರು ಕಾರಣವನ್ನೂ ತಾವೇ ಹುಡುಕಿಕೊಂಡು ಬಂದಿರುತ್ತಾರೆ. ‘ಬದನಿಕಾಯಿ ನಂಜಾತ್ರಿ ಸರ್’, ‘ಎಣ್ಣಿ ಸುಮಾರಿತ್ರಿ’, ‘ಮಂದಿ ಕಣ್ಣು ಬಿತ್ತು’. ನಾನು ಮೊದಲು ಕೇಳುವುದು ಎರಡೇ ಮಾತು. ಎಷ್ಟೊತ್ತಿಗೆ ಉಂಡ್ರಿ? ಎಷ್ಟೊತ್ತಿಗೆ ಸುರು ಆತು?

ಈ ಎರಡರ ನಡುವಿನ ಅಂತರ ಅರ್ಧ ರೋಗವನ್ನು ಹೇಳಿಬಿಡುತ್ತದೆ. ಉಂಡು 1ರಿಂದ 6 ತಾಸಿನೊಳಗೆ ವಾಂತಿ ಹತ್ತಿಕೊಂಡರೆ, ಜ್ವರವೂ ಇಲ್ಲದಿದ್ದರೆ, ನನ್ನ ಅನುಮಾನ ಅನ್ನದ ಮೇಲೆ, ಇಲ್ಲವೇ ಕೈಯಿಂದ ಕಲಸಿದ ಪದಾರ್ಥದ ಮೇಲೆ. ರಾತ್ರಿ ಕಳೆದು ಬೆಳಗಿನ ಜಾವ ಹೊಟ್ಟೆ ಹಿಂಡಿ ಭೇದಿ ಸುರುವಾಗಿದ್ದರೆ ದೊಡ್ಡ ಪಾತ್ರೆಯಲ್ಲಿ ಕುದಿಸಿಟ್ಟ ಖಂಡದ ಸಾರೋ ಬ್ಯಾಳಿಯೋ ನೆನಪಾಗುತ್ತದೆ. ಜ್ವರ ಜೋರಾಗಿದ್ದರೆ ಅದರ ದಾರಿಯೇ ಬೇರೆ: ಅರೆಬೆಂದ ತತ್ತಿ, ಕೋಳಿ, ಕೆಟ್ಟ ನೀರು. ಇವತ್ತು ಬರೆಯುತ್ತಿರುವುದು ಮೊದಲಿನ ಎರಡರ ಬಗ್ಗೆ. ಇವೆರಡೂ ಸ್ವಚ್ಛವಾಗಿ ಅಡಿಗೆ ಮಾಡಿದ ಮನೆಯಲ್ಲೂ ಆಗುತ್ತವೆ. ಹಾಳಾಗುವುದು ಒಲೆಯ ಮೇಲಲ್ಲ, ಒಲೆಯಿಂದ ಇಳಿದ ಮೇಲೆ. ಅಡಿಗೆ ಮಾಡಿದ ಸೊಸೆಯನ್ನು ಬೈಯುವ ಅತ್ತೆಯರಿಗೆ ಇದನ್ನು ಬಿಡಿಸಿ ಹೇಳುವುದರಲ್ಲೇ ನನ್ನ ಅರ್ಧ ಹೊತ್ತು ಹೋಗುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ರೊಟ್ಟಿಯ ಸೀಮೆಯಾದ ನಮ್ಮಲ್ಲೂ ಕಾರ್ಯದ ಊಟವೆಂದರೆ ಅನ್ನ ಅನ್ನುವಂತಾಗಿದೆ. ಭತ್ತದ ಗದ್ದೆಯ ಮಣ್ಣಿನಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಅದರ ಬೀಜಕಗಳು ಅಕ್ಕಿಯ ಜೊತೆ ಮನೆಗೆ ಬರುತ್ತವೆ, ಕುದಿಯುವ ಎಸರಿನಲ್ಲೂ ಸಾಯುವುದಿಲ್ಲ. ಬ್ಯಾಸಿಗೆಯೆಲ್ಲ ಒಣ ಹೊಲದಲ್ಲಿ ಬಿದ್ದಿದ್ದ ಕಾಳು ಮೊದಲ ಮಳೆಗೆ ಮೊಳೆಯುವ ಹಾಗೆ, ಅನ್ನ ಉಗುರುಬೆಚ್ಚಗಾದ ಕೂಡಲೇ ಅವು ಚಿಗುರುತ್ತವೆ, ಬೆಳೆಯುತ್ತವೆ, ವಾಂತಿ ತರಿಸುವ ವಿಷವನ್ನು ಅನ್ನದಲ್ಲೇ ಬಿಡುತ್ತವೆ.

ಗಂಜಿ ಬಸಿದ ಅನ್ನವನ್ನು ಚಾಪೆಯ ಮೇಲೆ ಬಿಳಿ ಪಂಚೆ ಹಾಸಿ ಸುರುವುವುದು ನಮ್ಮ ಹಳೆಯ ಪದ್ಧತಿ. ತೆಳ್ಳಗೆ ಹರವಿದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ಜಾಗ ಸಾಲದು, ಧೂಳು ಬೀಳುತ್ತದೆ ಎಂದು ಗುಡ್ಡೆ ಹಾಕಿ ಮೇಲೊಂದು ಪಂಚೆ ಹೊದಿಸುತ್ತಾರೆ. ಮೂರ್ನಾಲ್ಕು ತಾಸಾದ ಮೇಲೆ ಆ ಗುಡ್ಡೆಯೊಳಗೆ ಸೌಟು ಇಳಿಸಿ ನೋಡಿ. ಮೇಲಿನ ಅನ್ನ ಆರಿ ಬಿಡಿಬಿಡಿಯಾಗಿರುತ್ತದೆ. ನಡುವಿನದು ಇನ್ನೂ ಬೆಚ್ಚಗೆ, ಬೆವರಿ, ಅಗುಳಿಗೆ ಅಗುಳು ಅಂಟಿಕೊಂಡಿರುತ್ತದೆ. ಮೂಗಿಗೆ ಏನೂ ಗೊತ್ತಾಗುವುದಿಲ್ಲ, ನಾಲಿಗೆಗೂ ಗೊತ್ತಾಗುವುದಿಲ್ಲ. ಏಪ್ರಿಲ್, ಮೇನಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವ ಊರು ನಮ್ಮದು. ಆರಲಿ ಎಂದು ಬಿಟ್ಟರೆ ಇಲ್ಲಿ ಅನ್ನ ಎಲ್ಲಿಗೆ ಆರಬೇಕು?

‘ಬಿಸಿ ಮಾಡೇ ಉಂಡೀವ್ರಿ’ ಎನ್ನುವವರಿಗೆ ಬೇಸರದ ಸುದ್ದಿ. ಈ ವಿಷ 121 ಡಿಗ್ರಿಯಲ್ಲಿ ಒಂದೂವರೆ ತಾಸು ಕಾಯಿಸಿದರೂ ಉಳಿಯುವಂಥದ್ದು. ಬ್ಯಾಕ್ಟೀರಿಯಾ ಸಾಯಬಹುದು, ಅದು ಬಿಟ್ಟ ವಿಷ ಹಾಗೇ ಇರುತ್ತದೆ. ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ವಿಷದ್ದೂ ಇದೇ ಕಥೆ. ಸುಮಾರು ಮೂರರಲ್ಲಿ ಒಬ್ಬರ ಮೂಗಿನಲ್ಲಿ ಅದು ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ, ಬೆರಳಿನ ಕುರು, ಕೀವಾದ ಗಾಯಗಳಲ್ಲಿ ಇನ್ನೂ ಹೆಚ್ಚು. ಮೊಸರನ್ನ ಕಲಸುವ ಕೈ, ಪೇಡೆ ಕಟ್ಟುವ ಕೈ ಯಾವುದು ಎಂದು ನೋಡಿಕೊಳ್ಳಬೇಕಾದ್ದು ಅದಕ್ಕೇ. ಕೈ ಕುಯ್ದುಕೊಂಡ ಅಕ್ಕನಿಗೆ ಅವತ್ತು ಮುತ್ತೈದೆಯರಿಗೆ ಕುಂಕುಮ ಹಚ್ಚುವ ಕೆಲಸ ಕೊಡಿ.

ಕಂದೂರಿಯ ಖಂಡದ ಸಾರಿನದು ಬೇರೆ ಲೆಕ್ಕ. ಅಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬುದರ ಬೀಜಕಗಳು ಕುದಿಯನ್ನು ದಾಟಿ ಉಳಿಯುತ್ತವೆ. ಆಳವಾದ ಪಾತ್ರೆಯ ತಳದಲ್ಲಿ ಗಾಳಿ ಇಲ್ಲ, ಬೆಚ್ಚಗಿದೆ, ಮಾಂಸವಿದೆ. ಹಿಡಿಸಿದ ಶಾಖ ಸಿಕ್ಕರೆ ಅದು ಸುಮಾರು 10 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಇಲ್ಲಿ ಮಾತ್ರ ಮರುಕುದಿಸುವುದು ಕೆಲಸಕ್ಕೆ ಬರುತ್ತದೆ, ಏಕೆಂದರೆ ರೋಗ ತರುವುದು ಹೊಟ್ಟೆಗೆ ಹೋಗುವ ಜೀವಂತ ಬ್ಯಾಕ್ಟೀರಿಯಾ. ಸಾರು ತಳದಿಂದ ಕಲಕಿ ಕುದಿ ಬರಬೇಕು. ಅಂಚಿನಲ್ಲಿ ಗುಳ್ಳೆ ಎದ್ದರೆ ಸಾಲದು.

ನಮ್ಮ ಹಿರಿಯರ ಬುತ್ತಿಯನ್ನು ವೈದ್ಯನ ಕಣ್ಣಿನಿಂದ ನೋಡಿದರೆ ಮೆಚ್ಚುಗೆಯಾಗುತ್ತದೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಅಗಸಿ ಪುಡಿ: ಇವುಗಳಲ್ಲಿ ಬ್ಯಾಕ್ಟೀರಿಯಾಕ್ಕೆ ಬೇಕಾದ ನೀರೇ ಇಲ್ಲ. ಹೂರಣದ ಹೋಳಿಗೆಗಿಂತ ಶೇಂಗಾ ಹೋಳಿಗೆ ಹೆಚ್ಚು ದಿನ ತಾಳುವುದೂ ಇದೇ ಕಾರಣಕ್ಕೆ. ಚಿತ್ರಾನ್ನಕ್ಕೆ ಹುಣಸೆ ಹುಳಿಯ ಕಾವಲು. ಆದರೆ ಮುಂಜಾನೆಯ ಅನ್ನವನ್ನು ಮಧ್ಯಾಹ್ನದವರೆಗೆ ಇಟ್ಟು ಆಮೇಲೆ ಹುಳಿ ಕಲಸಿದರೆ, ಅಷ್ಟರಲ್ಲಿ ಹುಟ್ಟಿದ ವಿಷವನ್ನು ಹುಳಿ ತೆಗೆಯಲಾರದು. ಬಸಿದ ಕೂಡಲೇ ಹರವಿ ಆರಿಸಿ, ತಡಮಾಡದೆ ಕಲಸಬೇಕು. ಮೊಸರು ಬುತ್ತಿಗೆ ಹುಳಿಯಾಗಬಾರದೆಂದು ಹಾಲು ಹೆಚ್ಚು, ಮೊಸರು ಚಮಚೆಯಷ್ಟು ಹಾಕುತ್ತಾರಲ್ಲ, ರುಚಿಗೆ ಅದು ಸರಿಯೇ, ಆದರೆ ಹುಳಿ ಏರುವವರೆಗೆ ಆ ಬುತ್ತಿಗೆ ರಕ್ಷಣೆ ಕಡಿಮೆ. ಈಗಿನ ಮಕ್ಕಳ ಹುಟ್ಟುಹಬ್ಬಕ್ಕೆ ಬರುವ ಫ್ರೈಡ್ ರೈಸ್, ಪನೀರ್ ಪಲ್ಯ, ಕ್ರೀಮಿನ ಕೇಕ್, ಹಸಿ ಕೊಬ್ಬರಿ ಚಟ್ನಿಗಳಿಗೆ ಒಣತನವೂ ಇಲ್ಲ, ಹುಳಿಯೂ ಇಲ್ಲ. ಮಿರ್ಚಿ, ಒಗ್ಗರಣೆ ಮಂಡಕ್ಕಿ ಮಾಡಿದ ಹಾಗೆ ಖಾಲಿಯಾಗುತ್ತವೆ, ಅವುಗಳ ಚಿಂತೆ ಬೇಡ.

ತಡ ಆಗುವುದು ಎಲ್ಲಿ ಎಂದು ನೋಡಿದರೆ ಕುಬುಸದ ಮನೆಯಲ್ಲೇ ಉತ್ತರವಿದೆ. ಹೆಣ್ಣುಮಕ್ಕಳೂ ಸೀರೆ ಉಟ್ಟು ತಯಾರಾಗಬೇಕಲ್ಲ, ನಸುಕಿನಲ್ಲೇ ಎದ್ದು ಅನ್ನ ಇಳಿಸಿ ಮುಗಿಸಿಬಿಡುತ್ತಾರೆ. ಆರತಿ, ಉಡಿ ತುಂಬುವುದು, ಆಮೇಲೆ ಫೋಟೊದವನ ಹುಕುಂ, ಬೆಂಗಳೂರಿನಿಂದ ಹೊರಟ ಕಾಕಾನ ಕಾರು ಇನ್ನೂ ಹಿರಿಯೂರು ದಾಟಿಲ್ಲ. ಎಲೆ ಹಾಕುವ ಹೊತ್ತಿಗೆ ಮೂರು ಗಂಟೆ. ಈ ಕ್ರಮವನ್ನು ತಿರುಗಿಸಿ: ರೊಟ್ಟಿ, ಪುಡಿ, ಹೋಳಿಗೆ ಹಿಂದಿನ ದಿನವೇ ಆಗಲಿ, ಪಲ್ಯ ಮುಂಜಾನೆ, ಅನ್ನಕ್ಕೆ ಎಸರಿಡುವುದು ಪಂಕ್ತಿ ಕೂಡುವ ಒಂದು ತಾಸು ಮೊದಲು. ಎರಡನೇ ಪಂಕ್ತಿಗೆ ಎರಡನೇ ಎಸರು. ಓಣಿಯ ಒಬ್ಬ ಹಿರಿಯಾಕೆಗೆ ಇದೊಂದೇ ಕೆಲಸ ವಹಿಸಿ. ಸಾರು, ಪಲ್ಯ 60 ಡಿಗ್ರಿಗಿಂತ ಬಿಸಿ ಇರಬೇಕು, ಅಂದರೆ ಮುಚ್ಚಳ ತೆಗೆದರೆ ಹಬೆ ಏಳಬೇಕು. ಸಣ್ಣ ಉರಿಯ ಮೇಲೆಯೇ ಬಿಡಿ.

ಉಳಿದದ್ದನ್ನು ಬೋಗಾಣಿ ಸಮೇತ ಫ್ರಿಜ್‌ಗೆ ತುರುಕಿದರೆ ನಡುವಿನ ಅನ್ನ ರಾತ್ರಿಯೆಲ್ಲ ಬೆಚ್ಚಗೇ ಇರುತ್ತದೆ. ಅಗಲದ ತಾಟುಗಳಿಗೆ ಎರಡು ಬೆರಳಿನಷ್ಟು ಮಾತ್ರ ಹರವಿ, ಹಬೆ ಇಳಿದೊಡನೆ ಒಳಗಿಡಿ. ಬಿಸಿದ್ದನ್ನು ಫ್ರಿಜ್‌ನಲ್ಲಿ ಇಡಬಾರದೆಂದು ರಾತ್ರಿ ಹತ್ತರವರೆಗೆ ಕಟ್ಟೆಯ ಮೇಲೆ ಬಿಡುವುದೇ ಹೆಚ್ಚು ಹಾನಿ. ಎಲ್ಲರ ಮನೆಗೂ ಡಬ್ಬಿ ಕಟ್ಟಿ ಕಳಿಸುವ ಪ್ರೀತಿ ಒಳ್ಳೆಯದೇ, ಮೊಸರನ್ನವನ್ನು ಬಿಟ್ಟು ಹೋಳಿಗೆ, ರೊಟ್ಟಿ ಕಟ್ಟಿ.

ಇಷ್ಟಾದರೂ ವಾಂತಿ ಹತ್ತಿದರೆ? ‘ಸರ್, ಗ್ಲುಕೋಸ್ ಹಚ್ರಿ, ಒಂದ್ ಇಂಜೆಕ್ಷನ್ ಮಾಡ್ರಿ’ ಎಂಬ ಬೇಡಿಕೆ ಮೊದಲು ಬರುತ್ತದೆ. ಸಿದ್ಧವಾಗಿ ಬಂದ ವಿಷಕ್ಕೆ ಆ್ಯಂಟಿಬಯೋಟಿಕ್ ಏನೂ ಮಾಡುವುದಿಲ್ಲ, ಬಹುತೇಕರಿಗೆ ಒಂದು ದಿನದೊಳಗೆ ತಾನಾಗಿ ಇಳಿಯುತ್ತದೆ. ಬೇಕಾಗಿರುವುದು ಓಆರ್‌ಎಸ್. ದೊಡ್ಡ ಪಾಕೀಟಾದರೆ 1 ಲೀಟರ್ ನೀರಿಗೆ ಪೂರ್ತಿ ಹಾಕಿ, ನೀರು ಕಡಿಮೆ ಹಾಕಿ ಗಟ್ಟಿ ಮಾಡಬೇಡಿ. ಪಾಕೀಟು ಇಲ್ಲದಿದ್ದರೆ ಅಷ್ಟೇ ನೀರಿಗೆ 6 ಚಹಾ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು, ಎರಡೂ ಮಟ್ಟ ಅಳತೆ. ವಾಂತಿಯಾದರೆ ಹತ್ತು ನಿಮಿಷ ತಡೆದು ಗುಟುಕು ಗುಟುಕಾಗಿ ಮತ್ತೆ ಸುರು ಮಾಡಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ಮಕ್ಕಳಿಗೆ ಕೊಡಲೇಬೇಡಿ. ಭೇದಿಯಲ್ಲಿ ರಕ್ತ, ಜೋರು ಜ್ವರ, ಆರೆಂಟು ತಾಸು ಮೂತ್ರವಿಲ್ಲದಿರುವುದು, ಮಂಪರು ಕಂಡರೆ ಕಾಯದೆ ಕರೆತನ್ನಿ. ಕೂಸುಗಳನ್ನು, ವಯಸ್ಸಾದವರನ್ನು ಅದಕ್ಕೂ ಮೊದಲೇ ತನ್ನಿ. ಇನ್ನು ಕುಬುಸ ಮಾಡಿಸಿಕೊಂಡ ಗರ್ಭಿಣಿಗೆ ಕುಡಿದದ್ದು ನಿಲ್ಲುತ್ತಿಲ್ಲವೆಂದರೆ, ಗ್ಲುಕೋಸ್ ಹಚ್ಚಲು ನೀವು ಕೇಳುವ ಮೊದಲೇ ನಾನೇ ಹೇಳುತ್ತೇನೆ.