ಗಾಳಿಯಂತ್ರದ ಸದ್ದು ರಾತ್ರಿಯೇ ಯಾಕೆ ಜಾಸ್ತಿ?

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ದಕ್ಷಿಣ ಅಂಚಿನಲ್ಲಿ ಸೌತ್ ಗಿಪ್ಸ್‌ಲ್ಯಾಂಡ್ ಎಂಬ ಸೀಮೆಯಿದೆ. ದನ ಸಾಕುವವರ, ಹಾಲು ಕರೆಯುವವರ ನಾಡು. ಅಲ್ಲಿನ ಟಾರ್ವಿನ್ ಲೋಯರ್ ಎಂಬ ಊರಿನ ಹತ್ತಿರ, ಹುಲ್ಲುಗಾವಲುಗಳ ನಡುವೆ ಬಾಲ್ಡ್ ಹಿಲ್ಸ್ ಎಂಬ ಪವನ ವಿದ್ಯುತ್ ಘಟಕವಿದೆ. 52 ಟರ್ಬೈನುಗಳು, ಸುಮಾರು 106 ಮೆಗಾವ್ಯಾಟ್. 2015ರಲ್ಲಿ ಅವು ತಿರುಗತೊಡಗಿದವು. ಅಕ್ಕಪಕ್ಕದ ಮನೆಯವರು ನಿದ್ದೆಯಿಲ್ಲ ಎಂದು ದೂರತೊಡಗಿದರು.

2022ರ ಮಾರ್ಚ್‌ನಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಇಬ್ಬರು ನೆರೆಯವರ ಪರವಾಗಿ ತೀರ್ಪು ಕೊಟ್ಟಿತು. ರಾತ್ರಿಯ ಸದ್ದು ಇವರ ನಿದ್ದೆ ಕೆಡಿಸಿದ್ದು ನಿಜ, ಇಬ್ಬರಿಗೂ ಸೇರಿ 2,60,000 ಡಾಲರ್ ಪರಿಹಾರ ಕೊಡಿ, ಇಬ್ಬರಲ್ಲಿ ಇನ್ನೂ ಅಲ್ಲೇ ಇರುವ ಒಬ್ಬರಿಗೆ ರಾತ್ರಿ ಕಾಟ ಕೊಡುವುದನ್ನು ನಿಲ್ಲಿಸಿ ಎಂದಿತು. ಟರ್ಬೈನ್ ಕಿತ್ತುಹಾಕಿ ಅನ್ನಲಿಲ್ಲ. ಶುದ್ಧ ವಿದ್ಯುತ್ತೂ ಬೇಕು, ನೆರೆಯವರಿಗೆ ನಿದ್ದೆಯೂ ಬೇಕು, ಎರಡೂ ಸಾಧ್ಯವಾಗಬೇಕು ಎಂಬುದು ನ್ಯಾಯಾಧೀಶರ ನಿಲುವಾಗಿತ್ತು.

ಇದೇ ಯೋಜನೆ ಇನ್ನೂ ಕಾಗದದ ಮೇಲಿದ್ದಾಗ ಒಂದು ಗಿಳಿಯ ಹೆಸರಲ್ಲಿ ನಿಂತುಹೋಗಿತ್ತು. 2006ರಲ್ಲಿ ಕೇಂದ್ರದ ಪರಿಸರ ಸಚಿವರು, ಅಳಿವಿನಂಚಿನಲ್ಲಿರುವ ಕಿತ್ತಳೆ ಹೊಟ್ಟೆಯ ಗಿಳಿಗೆ ಅಪಾಯ ಎಂದು ಅನುಮತಿ ನಿರಾಕರಿಸಿದರು. ತಜ್ಞರ ಲೆಕ್ಕ ನೋಡಿದರೆ, ಈ ಘಟಕಕ್ಕೆ ಸಿಕ್ಕಿ ಒಂದು ಗಿಳಿ ಸಾಯಲು ಹಲವು ನೂರು ವರ್ಷ ಬೇಕಿತ್ತು! ಗೇಲಿಯಾಯಿತು. ವರ್ಷ ಮುಗಿಯುವುದರೊಳಗೆ ಅನುಮತಿಯೂ ಸಿಕ್ಕಿತು. ಗಿಳಿಯ ಗಲಾಟೆ ದೂರದ ರಾಜಧಾನಿಯವರೆಗೆ ಬೇಗ ಮುಟ್ಟುತ್ತದೆ. ಪಕ್ಕದ ಮನೆಯವರ ನಿದ್ದೆಯ ಮಾತು ಕೋರ್ಟಿನಲ್ಲಿ ನಿಲ್ಲಲು ಮಾತ್ರ ಏಳು ವರ್ಷ ಬೇಕಾಯಿತು.

ಹಗಲು ಟರ್ಬೈನಿನ ಕೆಳಗೆ ನಿಂತು ನೋಡಿದವರಿಗೆ ಈ ದೂರು ನಂಬಲು ಕಷ್ಟ. ಸುಯ್ ಸುಯ್ ಎಂದು ಮೆಲುವಾದ ಸದ್ದು. ‘ಇದಕ್ಕೆಲ್ಲ ನಿದ್ದೆ ಕೆಡುತ್ತಾ?’ ಅನ್ನಿಸುತ್ತದೆ. ಅಧಿಕಾರಿಗಳಿಗೂ ಹಾಗೇ ಅನ್ನಿಸಿದ್ದುಂಟು.

ಜರ್ಮನಿ ಮತ್ತು ನೆದರ್ಲ್ಯಾಂಡ್ಸ್ ಗಡಿಯಲ್ಲಿ ರೀಡೆ ಎಂಬಲ್ಲಿ 17 ಟರ್ಬೈನುಗಳ, 30 ಮೆಗಾವ್ಯಾಟಿನ ಘಟಕವೊಂದಿದೆ. ಅದು ಶುರುವಾದ ಮೇಲೆ ಸುತ್ತಲಿನವರಿಂದ ಜೋರು ದೂರು ಬಂತು. 1,900 ಮೀಟರ್ ದೂರದ ಮನೆಯವರೂ ಕಿರಿಕಿರಿ ಅಂದರು. ನಿಯಮದ ಲೆಕ್ಕದ ಪ್ರಕಾರ ಅಷ್ಟು ದೂರಕ್ಕೆ ತೊಂದರೆ ಆಗಬಾರದಿತ್ತು. ಗ್ರೋನಿಂಗೆನ್ ವಿಶ್ವವಿದ್ಯಾಲಯದಲ್ಲಿ ಜನರ ಪ್ರಶ್ನೆಗಳನ್ನೇ ಕೈಗೆತ್ತಿಕೊಳ್ಳುವ ಒಂದು ಭೌತವಿಜ್ಞಾನ ವಿಭಾಗವಿತ್ತು. ಅಲ್ಲಿದ್ದ ಫ್ರಿಟ್ಸ್ ವಾನ್ ಡೆನ್ ಬರ್ಗ್ ಈ ದೂರನ್ನು ತಳ್ಳಿಹಾಕದೆ, ರಾತ್ರಿ ಹೊತ್ತಿನಲ್ಲಿ ಸದ್ದನ್ನು ಅಳೆದರು. 2004ರಲ್ಲಿ ಫಲಿತಾಂಶ ಪ್ರಕಟವಾಯಿತು. ನೆಲದ ಹತ್ತಿರ ಗಾಳಿ ಒಂದೇ ವೇಗದಲ್ಲಿದ್ದರೂ, ರಾತ್ರಿಯ ಸದ್ದು ಹಗಲಿಗಿಂತ 15 ಡೆಸಿಬೆಲ್‌ವರೆಗೆ ಹೆಚ್ಚು! 10 ಡೆಸಿಬೆಲ್ ಏರಿದರೇ ಕಿವಿಗೆ ಸದ್ದು ಹೆಚ್ಚೂಕಡಿಮೆ ಎರಡರಷ್ಟಾದಂತೆ ಕೇಳುತ್ತದೆ.

ಯಾಕೆ ಹೀಗೆ? ಹಗಲಲ್ಲಿ ಬಿಸಿಲಿಗೆ ನೆಲ ಕಾಯುತ್ತದೆ. ಕಾದ ಗಾಳಿ ಮೇಲೇರುತ್ತದೆ, ಮೇಲಿನದು ಕೆಳಗಿಳಿಯುತ್ತದೆ. ಎಲ್ಲ ಕಲಸಿಹೋಗುವುದರಿಂದ ಕೆಳಗಿನ ಗಾಳಿಗೂ ಮೇಲಿನ ಗಾಳಿಗೂ ವೇಗದಲ್ಲಿ ತೀರಾ ಜಾಸ್ತಿ ವ್ಯತ್ಯಾಸ ಇರುವುದಿಲ್ಲ. ಸಂಜೆಯ ಮೇಲೆ ನೆಲ ತಣಿಯುತ್ತದೆ. ಆಕಾಶ ತಿಳಿಯಾಗಿದ್ದರೆ ಇನ್ನೂ ಬೇಗ. ನೆಲಕ್ಕಂಟಿದ ಗಾಳಿ ತಂಪಾಗಿ, ಭಾರವಾಗಿ ಅಲ್ಲೇ ಮಲಗುತ್ತದೆ. ಚಳಿಗಾಲದ ಮುಂಜಾನೆ ಒಲೆಯ ಹೊಗೆ ಮೇಲೇರದೆ ಹೊಲದ ಮೇಲೆ ಅಡ್ಡಡ್ಡ ಹರಡಿ ನಿಲ್ಲುವುದನ್ನು ನೋಡಿರುತ್ತೀರಲ್ವಾ? ಅದು ಇದೇ ತಂಪು ಪದರದ ಕೆಲಸ. ಈ ಪದರದ ಮೇಲೆ, ನೆಲದ ತಡೆಯಿಂದ ಬಿಡಿಸಿಕೊಂಡ ಗಾಳಿ ಸಲೀಸಾಗಿ ಓಡುತ್ತದೆ. ರೀಡೆಯ ಟರ್ಬೈನುಗಳ ನಡುಗುಂಬ, ಅಂದರೆ ರೆಕ್ಕೆಗಳು ಕೂಡುವ ಜಾಗ, 98 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಕೆಲವು ರಾತ್ರಿ ಗಾಳಿಯ ವೇಗ ಅಂದಾಜಿನ 2.6 ಪಟ್ಟಿನವರೆಗೂ ಇರುತ್ತಿತ್ತು. ಅಂದರೆ ಅಂಗಳದಲ್ಲಿ ಎಲೆ ಅಲುಗುವುದಿಲ್ಲ, ಮೇಲೆ ರೆಕ್ಕೆ ರಭಸದಿಂದ ತಿರುಗುತ್ತಿದೆ. ಸದ್ದನ್ನು ಮುಚ್ಚಲು ಮರಗಳ ಸರಸರವೂ ಇಲ್ಲ.

ಇನ್ನೊಂದು ಸಂಗತಿಯೂ ಇದೆ. ರೆಕ್ಕೆ ಮೇಲಿದ್ದಾಗ ಅದಕ್ಕೆ ಬಿರುಗಾಳಿ, ಕೆಳಗೆ ಬಂದಾಗ ಮಂದಗಾಳಿ. ಪ್ರತಿ ಸುತ್ತಿಗೂ ಗಾಳಿ ರೆಕ್ಕೆಗೆ ತಾಗುವ ಕೋನ ಬದಲಾಗುತ್ತದೆ. ಆಗ ಹಗಲಿನ ಸುಯ್ಲು ಬಡಿತವಾಗಿ ಮಾರ್ಪಡುತ್ತದೆ, ಹೆಚ್ಚೂಕಡಿಮೆ ಸೆಕೆಂಡಿಗೊಂದು ಬಡಿತ. ಒಂದೇ ಸಮನಾದ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ. ಏರಿಳಿಯುವ ಸದ್ದಿಗೆ ಒಗ್ಗುವುದು ಕಷ್ಟ.

ಹಾಗಂತ ವಿರೋಧಿಸುವವರು ಹೇಳುವುದೆಲ್ಲ ನಿಜ ಅಂತಲ್ಲ. ಕಿವಿಗೆ ಕೇಳದಷ್ಟು ಕೆಳಗಿನ ಕಂಪನ, ಅಂದರೆ ಇನ್‌ಫ್ರಾಸೌಂಡ್, ತಲೆನೋವು ತರುತ್ತದೆ, ಹೃದಯ ಕೆಡಿಸುತ್ತದೆ ಎಂಬ ಮಾತು ದೇಶದಿಂದ ದೇಶಕ್ಕೆ ಹಬ್ಬಿದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಇದನ್ನು 54 ಜನರ ಮೇಲೆ ಪರೀಕ್ಷಿಸಿದರು. ಅರ್ಧ ಜನರಿಗೆ ಮೊದಲು ಭಯ ಹುಟ್ಟಿಸುವ ವಿಡಿಯೊ ತೋರಿಸಿದರು. ಆಮೇಲೆ ಎಲ್ಲರಿಗೂ ಹತ್ತು ನಿಮಿಷ ನಿಜವಾದ ಇನ್‌ಫ್ರಾಸೌಂಡ್, ಹತ್ತು ನಿಮಿಷ ಸುಮ್ನೆ ನಿಶ್ಶಬ್ದ. ಹೆದರಿದ್ದವರಿಗೆ ಎರಡರಲ್ಲೂ ಮೈ ಸರಿಯಿಲ್ಲ ಅನ್ನಿಸಿತು. ಉಳಿದವರಿಗೆ ಎರಡರಲ್ಲೂ ಏನೂ ಆಗಲಿಲ್ಲ. 2023ರಲ್ಲಿ ಸಿಡ್ನಿಯ ಸಂಶೋಧಕರು, ಸದ್ದನ್ನು ಸಹಿಸದ 37 ಜನರನ್ನು 72 ಗಂಟೆ ಇನ್‌ಫ್ರಾಸೌಂಡಿನಲ್ಲೇ ಇರಿಸಿ ನೋಡಿದರು. ನಿದ್ದೆಯಲ್ಲೂ ಆರೋಗ್ಯದಲ್ಲೂ ವ್ಯತ್ಯಾಸ ಕಾಣಲಿಲ್ಲ. ಕೇಳುವ ಸದ್ದಿನ ದೂರಿಗೆ ಗಟ್ಟಿ ಪುರಾವೆಯಿದೆ. ಕೇಳದ ಸದ್ದಿನ ದೂರನ್ನು ಅದಕ್ಕೆ ಬೆರೆಸಿದರೆ ನಿಜವಾದ ದೂರೂ ಹಗುರವಾಗುತ್ತದೆ.

ಇನ್ನು ದುಡ್ಡಿನ ವಿಚಾರ. ವಾನ್ ಡೆನ್ ಬರ್ಗ್ ಮತ್ತು ಜೊತೆಗಾರರು ಮುಂದೆ ನೆದರ್ಲ್ಯಾಂಡ್ಸ್‌ನಲ್ಲಿ 725 ಜನರ ಸಮೀಕ್ಷೆ ಮಾಡಿದರು. ಟರ್ಬೈನಿನಿಂದ ಆದಾಯ ಬರುವವರು ಉಳಿದವರಿಗಿಂತ ಹೆಚ್ಚು ಸದ್ದಿನಲ್ಲೇ ಇದ್ದರು. ಆದರೂ ಅವರಲ್ಲಿ ಕಿರಿಕಿರಿ ಅಂದವರು ತೀರಾ ಕಡಿಮೆ. ನಗಬೇಡಿ, ಇದು ಬರೀ ದುರಾಸೆಯಲ್ಲ. ತನ್ನ ಹೊಲದಲ್ಲಿ ತಾನೇ ಒಪ್ಪಿ ನಿಲ್ಲಿಸಿದ್ದಕ್ಕೂ, ಕೇಳದೆ ಪಕ್ಕದಲ್ಲಿ ಬಂದು ನಿಂತದ್ದಕ್ಕೂ ಮನಸ್ಸು ಬೇರೆ ಬೇರೆ ಥರ ಸ್ಪಂದಿಸುತ್ತದೆ. ಅದೇ ದೇಶದ ಡ್ರೆಂಟೆಯಲ್ಲಿ ರೈತರೇ ಒಟ್ಟಾಗಿ ತಮ್ಮ ಹೊಲಗಳಲ್ಲಿ 45 ಟರ್ಬೈನುಗಳ ಯೋಜನೆ ಹಿಡಿದರು. ಹೊಲವಿಲ್ಲದ ಊರವರಿಗೆ ನೋಟವೂ ಸದ್ದೂ ಉಳಿಯಿತು. ಊರು ಎರಡು ಪಾಲಾಯಿತು, ಬೆದರಿಕೆಯವರೆಗೂ ಹೋಯಿತು. ಡೆನ್ಮಾರ್ಕಿನ ಸಾಮ್ಸೋ ದ್ವೀಪದಲ್ಲಿ ಲೆಕ್ಕ ಬೇರೆಯಿತ್ತು. ಅಲ್ಲಿನ ನೆಲದ ಮೇಲಿನ 11 ಟರ್ಬೈನುಗಳಲ್ಲಿ 9 ರೈತರವು, 2 ಊರವರು ಷೇರು ಹಾಕಿ ಕೊಂಡವು. 2008ರಲ್ಲಿ ಡೆನ್ಮಾರ್ಕ್ ಕಾನೂನನ್ನೇ ತಂದಿತು: ಹೊಸ ಯೋಜನೆಯ ಕನಿಷ್ಠ 20 ಶೇಕಡಾ ಷೇರನ್ನು ಸ್ಥಳೀಯರಿಗೆ ಕೊಳ್ಳಲು ಕೊಡಬೇಕಿತ್ತು, ಮೊದಲ ಹಕ್ಕು 4.5 ಕಿಲೋಮೀಟರ್ ಒಳಗಿನವರದಾಗಿತ್ತು. 2020ರಲ್ಲಿ ಆ ನಿಯಮವನ್ನು ಕೈಬಿಟ್ಟರು.

ಗದಗ, ಚಿತ್ರದುರ್ಗದ ಕಡೆ ಹೋದವರಿಗೆ ಸಾಲು ಸಾಲು ಟರ್ಬೈನುಗಳು ಹೊಸದೇನಲ್ಲ. ನಮ್ಮ ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ, ಸದ್ದಿನ ಕಾರಣಕ್ಕೆ ಟರ್ಬೈನು ಮನೆಗಳಿಂದ 500 ಮೀಟರ್ ದೂರವಿರಲಿ ಅನ್ನುತ್ತದೆ. ರೀಡೆಯ ಅನುಭವದ ಎದುರಿಗೆ ಈ ಅಳತೆ ಸಣ್ಣದೇ. ಆದರೆ ದೂರವೊಂದೇ ದಾರಿಯಲ್ಲ. ಗೂಬೆಯ ಗರಿಯಂಚಿನ ಹಾಗೆ ರೆಕ್ಕೆಯ ಹಿಂದಿನ ಅಂಚಿಗೆ ಗರಗಸದ ಹಲ್ಲುಗಳಂಥ ಪಟ್ಟಿ ಅಂಟಿಸಿದರೆ ಎರಡು ಮೂರು ಡೆಸಿಬೆಲ್ ಇಳಿಯುತ್ತದೆ. ರಾತ್ರಿ, ಗಾಳಿ ಮನೆಗಳ ಕಡೆ ಬೀಸುವಾಗ ಮಾತ್ರ, ಹತ್ತಿರದ ಟರ್ಬೈನುಗಳ ವೇಗ ತಗ್ಗಿಸಲೂಬಹುದು. ಇದಕ್ಕೆ ಹೊಸ ಯಂತ್ರವೇನೂ ಬೇಡ, ನಿಯಂತ್ರಣದ ಕಂಪ್ಯೂಟರಿನಲ್ಲೇ ಆಗುವ ಕೆಲಸ. ಕಂಪನಿಗೆ ಆ ಹೊತ್ತಿನ ಒಂದಷ್ಟು ಯೂನಿಟ್ ಖೋತಾ ಆಗುತ್ತದೆ, ಅಷ್ಟೇ.